ಮನೆಯಲ್ಲೇ ಕಾರಿನ ಕೆಲಸ: ಯಾವ ಟೂಲ್‌ಗೆ ದುಡ್ಡು ಹಾಕಬೇಕು

ಕಾರಿನ ಚಿಕ್ಕಪುಟ್ಟ ಕೆಲಸ ಮನೆಯಲ್ಲೇ ಮಾಡಿಕೊಳ್ಳಲು ದೊಡ್ಡ ಗ್ಯಾರೇಜ್ ಏನೂ ಬೇಡ. ಗಟ್ಟಿ ಸಿಮೆಂಟ್ ನೆಲ ಇರುವ ಪೋರ್ಟಿಕೊ ಸಾಕು. ಟೂಲ್ ಕೊಳ್ಳುವಾಗ ನನ್ನ ಲೆಕ್ಕ ಇಷ್ಟೇ: ಕಾರನ್ನು ಎತ್ತಿ ಹಿಡಿಯುವ ಸಾಮಾನು, ನಟ್ಟು ಬೋಲ್ಟಿಗೆ ನೇರವಾಗಿ ಕೂರುವ ಸಾಮಾನು, ಇವೆರಡರಲ್ಲಿ ಉಳಿತಾಯ ನೋಡಬೇಡಿ. ಉಳಿದದ್ದು ಅಗ್ಗದ್ದಾದರೂ ನಡೆಯುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನೂರಕ್ಕೂ ಜಾಸ್ತಿ ಪೀಸ್ ಅಂತ ಬರುತ್ತಲ್ಲ, ಆ ಸೆಟ್‌ಗಳಲ್ಲಿ ಅರ್ಧಕ್ಕರ್ಧ ಚಿಕ್ಕ ಬಿಟ್‌ಗಳೇ ತುಂಬಿರುತ್ತವೆ, ಅದರ ಬದಲು ಅದೇ ದುಡ್ಡಿಗೆ ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸಾಕೆಟ್ ನಾಲ್ಕು ಒಳ್ಳೆಯವು ತಗೊಳ್ಳಿ.

ಮೊದಲು ಜಾಕಿ. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಾಯಿಸಲು ಮಾತ್ರ. ಮನೆ ಕೆಲಸಕ್ಕೆ 2 ಟನ್ ಟ್ರಾಲಿ ಜಾಕಿ ಒಂದು, ಜೊತೆಗೆ ಒಂದು ಜೋಡಿ ಜಾಕ್ ಸ್ಟ್ಯಾಂಡ್. ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ತಲೆ ಹಾಕಲೇಬೇಡಿ, ಎರಡೇ ನಿಮಿಷದ ಕೆಲಸ ಅಂದರೂ ಬೇಡ. ಜಾಕಿ ಎತ್ತುತ್ತದೆ, ಹಿಡಿದು ನಿಲ್ಲಿಸುವುದು ಸ್ಟ್ಯಾಂಡ್. ಜಾಕಿಯೊಳಗೆ ಎಣ್ಣೆ ಸೋರದಂತೆ ತಡೆಯುವ ಒಂದು ಸೀಲ್ ಹೋದರೆ ಸಾಕು, ಕಾರು ಕೆಳಗೆ ಬರುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೊಟ್ಟು ನಿಲ್ಲಿಸುವವರೂ ಇದ್ದಾರೆ. ಅವು ಸೂಚನೆ ಕೊಡದೆ ಸೀಳಿ ಹೋಗುತ್ತವೆ.

ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸುವುದಿಲ್ಲ. ನಮ್ಮ ಬಹುತೇಕ ಚಿಕ್ಕ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನವನ್ನು. ಹಾಗಾಗಿ ಮುಂದಿನ ಒಂದೇ ಒಂದು ಚಕ್ರ ಎತ್ತಿದರೂ ಗೇರ್‌ನಲ್ಲಿ ಬಿಟ್ಟದ್ದು ಪ್ರಯೋಜನಕ್ಕೆ ಬರುವುದಿಲ್ಲ, ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ನೆಲದ ಮೇಲಿರುವ ಇನ್ನೊಂದು ಚಕ್ರ ಆರಾಮಾಗಿ ಉರುಳುತ್ತದೆ, ಆಗ ಕಾರನ್ನು ತಡೆಯುವುದು ಹ್ಯಾಂಡ್‌ಬ್ರೇಕ್ ಒಂದೇ. ಹಿಂದೆ ಎತ್ತಿದರೆ ಹ್ಯಾಂಡ್‌ಬ್ರೇಕ್ ನಂಬುವಂತಿಲ್ಲ, ಫಸ್ಟ್ ಗೇರ್‌ನಲ್ಲಿ ಇಡಿ. ಯಾವ ಕಡೆ ಎತ್ತಿದರೂ ನೆಲದ ಮೇಲಿರುವ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ, ಚಕ್ರದ ಹತ್ತಿರ ಎರಡು ಕಚ್ಚು ಕಾಣುತ್ತವೆ. ಅವುಗಳ ನಡುವೆ ಮಾತ್ರ ಎತ್ತಬೇಕು. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಪಕ್ಕದಿಂದ ಕೈಯಲ್ಲಿ ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.

ಇನ್ನು ಸಾಕೆಟ್, ಸ್ಪ್ಯಾನರ್. ಸಾಕೆಟ್ ಸಿಕ್ಕಿಸುವ ಚೌಕ ತುದಿ (ಡ್ರೈವ್) ಅರ್ಧ ಇಂಚು ಇರುವ, ನಟ್ಟಿನಿಂದ ತೆಗೆಯದೆ ಹಿಂದೆ ಮುಂದೆ ಆಡಿಸಿ ತಿರುಗಿಸುವ ಹಿಡಿ ಅಂದರೆ ರ‍್ಯಾಚೆಟ್, ಆರು ಮೂಲೆಯ ಸಾಕೆಟ್ ತಗೊಳ್ಳಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಮಾರುತಿಯಂಥ ಕಾರಿಗೆ 10, 12, 14, 17, 19 ಮಿಲಿಮೀಟರ್ ಸಾಕೆಟ್ ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ: ಬ್ಯಾಟರಿ ಟರ್ಮಿನಲ್‌ಗೆ 10, ಚಕ್ರದ ನಟ್ಟಿಗೆ 19. ಹ್ಯುಂಡೈ ಚಕ್ರಕ್ಕೆ 21 ಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಇದ್ದವರು 13, 16 ಮತ್ತು ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್‌ಗಳನ್ನೂ ಸೇರಿಸಿಕೊಳ್ಳಿ. ಸ್ಪ್ಯಾನರ್, ಕಟಿಂಗ್ ಪ್ಲೈಯರ್‌ಗೆ ಟಪಾರಿಯಾ ಕಂಪನಿಯದು ತಗೊಂಡರೆ ವರ್ಷಾನುಗಟ್ಟಲೆ ಬಾಳಿಕೆ ಬರುತ್ತದೆ. ಬೆಂಗಳೂರಿನಲ್ಲಿ ಇದ್ದರೆ ಎಸ್‌ಜೆಪಿ ರೋಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ, ಬಿಡಿ ಸಾಕೆಟ್ ಕೂಡ ಕೊಡುತ್ತಾರೆ. ಕಾರಿನ ಬಿಡಿಭಾಗ ಬೇಕಾದರೆ ಜೆಸಿ ರೋಡ್.

ನನಗೆ ಎಲ್ಲಕ್ಕಿಂತ ಇಷ್ಟದ್ದು ಟಾರ್ಕ್ ರೆಂಚ್: ಎಷ್ಟು ಬಿಗಿಯಬೇಕು ಅಂತ ಅಂಕಿ ಇಟ್ಟರೆ, ಅಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುತ್ತದೆ. ಟೈರ್ ಅಂಗಡಿಯಲ್ಲಿ ಗಾಳಿ ಗನ್ ಹಿಡಿದು ನಟ್ಟನ್ನು ಎಷ್ಟು ಬಿಗಿಯುತ್ತಾರೆ ಅಂದರೆ, ರಾತ್ರಿ ಹೈವೇಯಲ್ಲಿ ಪಂಕ್ಚರ್ ಆದಾಗ ಕಾರಿನ ಜೊತೆ ಬಂದ ಆ ಗಿಡ್ಡ ಸ್ಪ್ಯಾನರ್ ಮೇಲೆ ಹತ್ತಿ ನಿಂತರೂ ಅದು ಅಲ್ಲಾಡುವುದಿಲ್ಲ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಬೇಕು, ನಿಮ್ಮ ಕಾರಿನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹೀಗೆ ಮಾಡಿ: ಚಕ್ರ ನೆಲದ ಮೇಲಿದ್ದಾಗಲೇ ನಟ್ಟು ಸಡಿಲ ಮಾಡಿ, ಆಮೇಲೆ ಎತ್ತಿ. ವಾಪಸ್ ಹಾಕುವಾಗ ಮೊದಲು ಬೆರಳಿನಲ್ಲೇ ತಿರುಗಿಸಿ. ಬೆರಳಿಗೆ ಬಾರದೆ ಸಿಕ್ಕಿಕೊಂಡರೆ ನಟ್ಟಿನ ಮರೆ (ಥ್ರೆಡ್) ತಪ್ಪಿ ಕೂತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಕೂರಿಸಿ. ಕಾರು ಇಳಿಸಿ, ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಬಿಗಿಯಿರಿ. ಕ್ಲಿಕ್ ಅಂದ ತಕ್ಷಣ ಕೈ ನಿಲ್ಲಬೇಕು, ಇರಲಿ ಅಂತ ಇನ್ನೊಂದು ಸಲ ಎಳೆಯಬೇಡಿ. ಈ ರೆಂಚ್‌ನಿಂದ ಯಾವತ್ತೂ ನಟ್ಟು ಬಿಚ್ಚಬೇಡಿ, ಅದಕ್ಕೆ ಉದ್ದ ಹಿಡಿಯ ಬ್ರೇಕರ್ ಬಾರ್ ಇದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಸ್ಕೇಲ್‌ನ ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತದೆ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಅಗ್ಗದ್ದೇ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5 ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಇಷ್ಟು ನೋಡದೆ ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಕೊಡಬೇಡಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಹಾಗೇ ಇದ್ದು, ಪಾಸಿಟಿವ್ ಮೇಲಿನ ಸ್ಪ್ಯಾನರ್ ಬಾಡಿಗೆ ತಾಗಿತೋ, ಅಲ್ಲೇ ಶಾರ್ಟ್.

ಚೆಕ್ ಎಂಜಿನ್ ಲೈಟ್ ಬಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಅನ್ನು ಕಾರಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲ್‌ನಲ್ಲಿ ದೋಷದ ಕೋಡ್ ಓದಬಹುದು. ಪಿ0301 ಅಂತ ಬಂದರೆ ಮೊದಲನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಸ್ಪಾರ್ಕ್ ಪ್ಲಗ್ ಹೋಗಿದೆ ಅಂತ ಅದು ಹೇಳುವುದಿಲ್ಲ. ಆ ಪ್ಲಗ್ಗೋ ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲೋ ಬೇರೆ ಸಿಲಿಂಡರ್‌ಗೆ ಹಾಕಿ ನೋಡಿ, ಕೋಡ್ ಅದರ ಜೊತೆ ಹೋದರೆ ಕಳ್ಳ ಸಿಕ್ಕ.

ತಲೆಗೆ ಕಟ್ಟುವ ಟಾರ್ಚ್ ಒಂದು ಇರಲಿ, ಎರಡೂ ಕೈ ಖಾಲಿ ಇರುತ್ತವೆ. ಬಿಚ್ಚಿದ ಬೋಲ್ಟ್ ಇಡಲು ಸ್ಟೀಲ್ ತಟ್ಟೆ, ಅದರ ಅಡಿಗೆ ಹಳೇ ಸ್ಪೀಕರ್‌ನ ಅಯಸ್ಕಾಂತ ಅಂಟಿಸಿ, ಕಾಲು ತಗುಲಿದರೂ ಒಂದೂ ಉರುಳಿ ಹೋಗುವುದಿಲ್ಲ. ಕರಾವಳಿ, ಮಲೆನಾಡಿನ ಕಡೆಯವರು ಮಳೆಗಾಲ ಶುರುವಾಗುವ ಮುಂಚೆ ಎಲ್ಲ ಟೂಲ್‌ಗಳನ್ನೂ ಎಂಜಿನ್ ಆಯಿಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಇಡಿ. ಆಯಿಲ್ ಬದಲಾಯಿಸಿದರೆ ಹಳೇದನ್ನು ಚರಂಡಿಗೆ ಸುರಿಯಬೇಡಿ, ಕ್ಯಾನ್‌ನಲ್ಲಿ ತುಂಬಿ ಹತ್ತಿರದ ಗ್ಯಾರೇಜಿಗೆ ಕೊಡಿ, ಅವರ ಹತ್ತಿರ ಹಳೇ ಆಯಿಲ್ ಒಯ್ಯುವವರು ಬರುತ್ತಾರೆ.