ಲಾರಿ ಡ್ಯೂಟಿಗೆ ಹೊಸದಾಗಿ ಸೇರ್ತಿದ್ದೀರಾ?

ಟ್ರಾನ್ಸ್‌ಪೋರ್ಟ್ ಕಂಪನಿಗೆ ಹೊಸದಾಗಿ ಸೇರುವ ತಮ್ಮಂದಿರಿಗೆ ಒಂದು ಮಾತು. ಕೀ ಕೈಗೆ ಬಂದ ತಕ್ಷಣ ಹೊರಡಬೇಡಿ. ಗಾಡಿ ಸುತ್ತ ಒಂದು ರೌಂಡ್ ಹಾಕಿ ಮೊಬೈಲಲ್ಲಿ ವಿಡಿಯೊ ಮಾಡ್ಕೊಳ್ಳಿ: ಟೈರು, ಸ್ಟೆಪ್ನಿ, ಜಾಕಿ, ಟಾರ್ಪಾಲು, ಹಳೇ ಡೆಂಟು ಎಲ್ಲಾ. ನನ್ನ ಮೊದಲ ಟ್ರಿಪ್ಪಲ್ಲೇ ಯಾರೋ ಒಡೆದಿದ್ದ ಟೈಲ್ ಲ್ಯಾಂಪಿನ ದುಡ್ಡನ್ನ ನನ್ನ ಬಾಟಾದಲ್ಲಿ (ಟ್ರಿಪ್ಪಿನ ಖರ್ಚಿಗೆ ಕೊಡೋ ಭತ್ಯೆ) ಹಿಡಿದಿದ್ರು.

ಇ-ವೇ ಬಿಲ್ಲಿನ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಪರವಾನಗಿ ಚೀಟಿ) ಅವಧಿ ನೋಡ್ಕೊಳ್ಳಿ, ಸಾಮಾನ್ಯ ಲೋಡಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ನಿಂತರೆ ಕೂಡಲೇ ಆಫೀಸಿಗೆ ಫೋನ್ ಮಾಡಿ. ಅವಧಿ ಮುಗಿಯೋ 8 ಗಂಟೆ ಮುಂಚೆಯಿಂದ, ಮುಗಿದ ಮೇಲೆ 8 ಗಂಟೆಯೊಳಗೆ ಮಾತ್ರ ಅದನ್ನ ಮುಂದುವರಿಸೋಕೆ ಆಗೋದು.

ಇನ್ನು ಘಾಟಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ, ಅದೇ ಲೋಡಲ್ಲಿ ಘಾಟಿ ಹತ್ತೋಕೆ ಯಾವ ಗೇರು ಬೇಕೋ ಅದೇ ಗೇರಲ್ಲಿ ಇಳೀರಿ. ಡೀಸೆಲ್ ಉಳಿಯುತ್ತೆ, ನ್ಯೂಟ್ರಲ್ ಹಾಕು ಅನ್ನೋ ಹಳಬರು ಸಿಕ್ಕೇ ಸಿಗ್ತಾರೆ, ಕೇಳಬೇಡಿ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತೆ, ಆಮೇಲೆ ಎಷ್ಟು ಒತ್ತಿದರೂ ಗಾಡಿ ಹಿಡಿಯಲ್ಲ. ವಾಸನೆ ಬಂದಾಗಲೇ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಆರೋಕೆ ಬಿಡಿ. ಬ್ರೇಕ್ ಡ್ರಮ್ಮಿಗೆ ನೀರು ಮಾತ್ರ ಸುರೀಬೇಡಿ, ಬಿರುಕು ಬಿಡುತ್ತೆ.

ಹಾಂ, ಅನ್‌ಲೋಡ್ ಆದಮೇಲೆ ಎಲ್‌ಆರ್ (ಲಾರಿ ರಸೀದಿ) ಮೇಲೆ ಸೀಲು, ಸಹಿ ಹಾಕಿಸದೆ ಗೇಟು ದಾಟಬೇಡಿ.