ಇ-ರೀಡರ್‌ನಲ್ಲಿ ಕನ್ನಡ ಓದಬೇಕಾ? ಮೊದಲು ‘ರಾಷ್ಟ್ರ’ ಅಂತ ಬರೆದು ನೋಡಿ

ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಯಂತ್ರ, ತಗೊಳ್ಳಬೇಕು ಅಂತಿದ್ದೀನಿ, ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಅದರಲ್ಲಿ ಏನು ಓದುತ್ತೀರಿ? ಬರೀ ಇಂಗ್ಲಿಷ್ ಅಂದರೆ ಕೈಯಲ್ಲಿರುವ ದುಡ್ಡಿಗೆ ಸಿಗುವ ಯಾವುದನ್ನಾದರೂ ತಗೊಳ್ಳಿ, ಚೆನ್ನಾಗೇ ಇರುತ್ತದೆ. ಕನ್ನಡವೂ ಓದಬೇಕು ಅಂದರೆ ಮಾತ್ರ ಸ್ವಲ್ಪ ಕೂತು ಮಾತಾಡಬೇಕು. ಇಲ್ಲಿ ಯಂತ್ರಕ್ಕಿಂತ ಫೈಲೇ ಮುಖ್ಯ. ಇದು ನನಗೆ ಗೊತ್ತಾಗುವಷ್ಟರಲ್ಲಿ ದುಡ್ಡು ಕೊಟ್ಟಾಗಿತ್ತು.

ಮೊಬೈಲಲ್ಲೇ ಓದಬಹುದಲ್ವಾ ಅನ್ನುತ್ತಾರೆ. ಓದಬಹುದು. ಆದರೆ ಇದರ ಪರದೆಯೇ ಬೇರೆ ಜಾತಿಯದು. ಇ-ಇಂಕ್ ಪರದೆಯೊಳಗೆ ಕೂದಲೆಳೆಯ ದಪ್ಪದ ಸಣ್ಣ ಸಣ್ಣ ಗುಳಿಗೆಗಳಿವೆ, ಒಂದೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ಕರೆಂಟ್ ಕೊಟ್ಟಾಗ ಕಪ್ಪು ಮೇಲೆ ಬರುತ್ತದೆ, ಇಲ್ಲವೇ ಬಿಳಿ ಮೇಲೆ ಬರುತ್ತದೆ. ಬಂದದ್ದು ಆಮೇಲೆ ಕರೆಂಟ್ ಇಲ್ಲದೆಯೂ ಅಲ್ಲೇ ಕೂತಿರುತ್ತದೆ. ಹಾಗಾಗಿ ಪುಟ ಬದಲಾಗುವಾಗ ಮಾತ್ರ ಪರದೆಗೆ ಬ್ಯಾಟರಿ ಬೇಕು. ವೈಫೈ ಆಫ್ ಮಾಡಿಟ್ಟು ದಿನಕ್ಕೆ ಒಂದರ್ಧ ಗಂಟೆ ಓದಿದರೆ ಚಾರ್ಜರ್ ಎಲ್ಲಿಟ್ಟಿದ್ದೆ ಅನ್ನುವುದೇ ಮರೆತುಹೋಗುತ್ತದೆ. ದೀಪ ಕೂಡ ಮೊಬೈಲಿನ ಹಾಗೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ, ಅಂಚಿನಿಂದ ಪರದೆಯ ಮೇಲೆ ಹರಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಜಗಲಿ ಮೇಲೆ ಕೂತು ಓದಿ ನೋಡಿ, ಬಿಸಿಲು ಜಾಸ್ತಿಯಾದಷ್ಟೂ ಅಕ್ಷರ ಎದ್ದು ಕಾಣುತ್ತದೆ.

ನಮ್ಮ ಮನೆಯಲ್ಲಿ ಇದರ ನಿಜವಾದ ಗಿರಾಕಿ ಅಪ್ಪ. ಕಣ್ಣಿನ ಪೊರೆ ತೆಗೆಸಿದ ಮೇಲೂ ಹಳೆಯ ಪುಸ್ತಕಗಳ ಸಣ್ಣ ಅಚ್ಚು ಓದುವುದು ಅವರಿಗೆ ಕಷ್ಟವಾಗಿ, ಓದುವುದನ್ನೇ ಬಿಟ್ಟಿದ್ದರು. ಅಕ್ಷರ ದೊಡ್ಡದು ಮಾಡಿ ಕೈಗೆ ಕೊಟ್ಟೆ. ಎರಡು ಪುಟ ಆದ ಮೇಲೆ ತಲೆ ಎತ್ತಿ, “ಹಾಳೆ ತಿರುಗಿಸೋ ಸದ್ದೇ ಇಲ್ಲವಲ್ಲೋ ಇದರಲ್ಲಿ” ಅಂದರು. ದೂರೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಆದರೆ ಅವತ್ತು ರಾತ್ರಿ ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ಯಂತ್ರ ಕೊಳ್ಳುವ ಮುಂಚೆ, ಅದೇ ಮಾದರಿ ಇಟ್ಟುಕೊಂಡಿರುವ ಸ್ನೇಹಿತರು ಯಾರಾದರೂ ಇದ್ದರೆ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲ್ ತೆರೆದು ರಾಷ್ಟ್ರ, ಸ್ತ್ರೀ, ಧರ್ಮ, ಕೃಷ್ಣ, ಜ್ಞಾನ ಅಂತ ಐದು ಪದ ಬರೆಯಿರಿ. ಎಲ್ಲ ಯಂತ್ರಕ್ಕೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿನಲ್ಲೇ ಉಳಿಸಿ, ಯುಎಸ್‌ಬಿ ಕೇಬಲ್‌ನಿಂದ ಯಂತ್ರಕ್ಕೆ ಹಾಕಿ ತೆರೆಯಿರಿ. ‘ರಾಷ್ಟ್ರ’ ಅನ್ನುವುದು ‘ರಾಷ್‌ಟ್‌ರ’ ಅಂತ ಬಿಡಿಬಿಡಿಯಾಗಿ ಕಂಡರೆ, ಅಥವಾ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಕಂಡರೆ, ಇನ್ನೂ ಕೆಲಸ ಇದೆ ಅಂತ ಅರ್ಥ. ಚೌಕ ಕಂಡರೆ ಫಾಂಟ್ ಇಲ್ಲ. ಬಿಡಿ ಅಕ್ಷರ ಕಂಡರೆ ಫಾಂಟ್ ಇದೆ, ಆದರೆ ಒತ್ತು ಜೋಡಿಸುವ ತಂತ್ರಾಂಶ ಇಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ‘ಧರ್ಮ’ವನ್ನು ವಿಶೇಷವಾಗಿ ಗಮನಿಸಿ. ಬಾಯಲ್ಲಿ ಮೊದಲು ಬರುವ ‘ರ’ ನಮ್ಮ ಬರಹದಲ್ಲಿ ‘ಮ’ ಆದ ಮೇಲೆ ಅರ್ಕಾವತ್ತಾಗಿ ಬಂದು ಕೂರುತ್ತದೆ. ಅರೆಬರೆ ಕನ್ನಡ ಬರುವ ಯಂತ್ರಗಳು ಎಡವುವುದು ಇಲ್ಲೇ.

ಮೊದಲ ಕಾಯಿಲೆಗೆ ಔಷಧಿ ಸುಲಭ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಇಂಥವೆಲ್ಲ ಉಚಿತವಾಗಿ ಸಿಗುವ ಫಾಂಟ್‌ಗಳು. ಅಮೆಜಾನ್ ಕಂಪನಿಯ ಕಿಂಡಲ್ ಆಗಲಿ ಕೋಬೋ ಅನ್ನುವ ಇನ್ನೊಂದು ಇ-ರೀಡರ್ ಆಗಲಿ, ಕಂಪ್ಯೂಟರಿಗೆ ಜೋಡಿಸಿದಾಗ ಫಾಂಟ್ಸ್ ಅನ್ನುವ ಹೆಸರಿನ ಫೋಲ್ಡರಿಗೆ ಅವನ್ನು ಹಾಕಿದರೆ ಸಾಕು, ಮೆನುವಿನಲ್ಲಿ ಬರುತ್ತವೆ. ಕೋಬೋದಲ್ಲಿ ಆ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಎರಡನೆಯ ಕಾಯಿಲೆಗೆ ಕೋರೀಡರ್ ಅನ್ನುವ ಉಚಿತ ತಂತ್ರಾಂಶ ಇದೆ, ಕನ್ನಡದ ಒತ್ತುಗಳನ್ನು ಅದು ಸರಿಯಾಗಿ ಜೋಡಿಸುತ್ತದೆ. ಕೋಬೋಗೆ ಹಾಕುವುದು ಅರ್ಧ ಗಂಟೆಯ ಕೆಲಸ. ಕಿಂಡಲ್‌ಗೆ ಹಾಕಬೇಕಾದರೆ ಕಂಪನಿ ಅದರ ತಂತ್ರಾಂಶಕ್ಕೆ ಹಾಕಿರುವ ಬೀಗ ಮುರಿಯಬೇಕು. ಅಷ್ಟೆಲ್ಲ ಸಾಹಸ ಎಲ್ಲರಿಗೂ ಬೇಡ.

ಹಾಗಾದರೆ ಯಾವುದು ಕೊಳ್ಳುವುದು? ಕಿಂಡಲ್ ಅಂಗಡಿಗೆ 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆಯ ಪುಸ್ತಕ ಬಂದವು. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಹೊಟ್ಟೆಯುರಿ ನನಗೆ ಇನ್ನೂ ಹೋಗಿಲ್ಲ. ಇಂಗ್ಲಿಷೇ ಜಾಸ್ತಿ, ಕನ್ನಡ ಅಪರೂಪಕ್ಕೆ ಅನ್ನುವವರಿಗೆ ಕಿಂಡಲ್ ಸಾಕು. ಚಿಕ್ಕ ಕಿಂಡಲ್ ಬರೀ 158 ಗ್ರಾಂ, ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿಯಬಹುದು. ಆದರೆ ಅದರಲ್ಲಿ ಹಳದಿ ಬೆಳಕಿಲ್ಲ, ನೀರು ಬಿದ್ದರೆ ತಡೆಯುವುದಿಲ್ಲ, ಅವೆರಡೂ ಬೇಕಾದರೆ ಕಿಂಡಲ್‌ನದೇ ಇನ್ನೊಂದು ಮಾದರಿ ಪೇಪರ್‌ವೈಟ್‌ಗೆ ಹೋಗಬೇಕು. ಕನ್ನಡವೇ ಮುಖ್ಯ, ಸ್ವಲ್ಪ ಕೈಕೆಲಸಕ್ಕೆ ಬೇಜಾರಿಲ್ಲ ಅನ್ನುವವರಿಗೆ ಕೋಬೋ ಮತ್ತು ಕೋರೀಡರ್ ಜೋಡಿ ನನ್ನ ಆಯ್ಕೆ, ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಜಾಗ ಕೇಳಬೇಕಾಗಿ ಬಂದರೂ ಸರಿ. ಇನ್ನು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಹೊಸ ಕನ್ನಡ ಪುಸ್ತಕ ಕೊಂಡು ಓದುವವರಿಗೆ ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರವೇ ಬೇಕು. ಬೂಕ್ಸ್ ಅಂಥದ್ದು. ಬೆಲೆ ಜಾಸ್ತಿ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಬಣ್ಣದ ಪರದೆ ಮಕ್ಕಳ ಚಿತ್ರಪುಸ್ತಕಕ್ಕೆ ಅಂತ ಆಸೆಪಟ್ಟು ಕೊಳ್ಳಬೇಡಿ. ಕಪ್ಪು ಬಿಳುಪಿಗೆ ಇಂಚಿಗೆ 300 ಚುಕ್ಕಿ ಇದ್ದರೆ ಬಣ್ಣಕ್ಕೆ ಇರುವುದು 150, ಬಣ್ಣ ಹತ್ತು ಸಲ ಒಗೆದ ಬಟ್ಟೆಯ ಹಾಗೆ ಕಾಣುತ್ತದೆ.

ಯಂತ್ರ ಕೈಗೆ ಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಎರಡು ಬದಲಾವಣೆ ಕೂಡಲೇ ಮಾಡಿ. ಮೊದಲನೆಯದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಚಂದ ಕಾಣುವ ಅಂತರ ನಮಗೆ ಸಾಲುವುದಿಲ್ಲ. ನಮ್ಮ ಒತ್ತುಗಳು ಕೆಳಗೆ ಜೋತುಬೀಳುತ್ತವೆ, ಗುಡಿಸು ಮೇಲೆ ಏಳುತ್ತದೆ. ‘ಸ್ತ್ರೀ’ಯ ಕೆಳಗಿನ ಸಾಲಿನಲ್ಲಿ ‘ಶ್ರೀ’ ಬಂದರೆ ಎರಡೂ ಜುಟ್ಟು ಹಿಡಿದುಕೊಂಡು ಜಗಳ ಆಡುತ್ತವೆ. ಅಂತರವನ್ನು ಒಂದೆರಡು ಮೆಟ್ಟಿಲು ಜಾಸ್ತಿ ಮಾಡಿ. ಎರಡನೆಯದು, ಎರಡೂ ಅಂಚು ಸಮ ಮಾಡುವ ಜೋಡಣೆಯನ್ನು ತೆಗೆದು ಎಡಕ್ಕೆ ಮಾತ್ರ ಇಡಿ. ‘ಹೊರಟುಹೋಗುತ್ತಿದ್ದವರನ್ನು’ ಅಂತ ಒಂದೇ ಪದ ಬರೆಯುವ ಭಾಷೆ ನಮ್ಮದು. ಅಕ್ಷರ ದೊಡ್ಡದು ಮಾಡಿದರೆ ಸಣ್ಣ ಪರದೆಯಲ್ಲಿ ಸಾಲಿಗೆ ಮೂರೇ ಪದ ಹಿಡಿಯುತ್ತವೆ, ಅವನ್ನು ಎರಡೂ ಅಂಚಿಗೆ ಎಳೆದಾಗ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತದೆ. ವಚನ, ಕವಿತೆ ಓದುವಾಗ ಸಾಲು ಮಧ್ಯದಲ್ಲಿ ಮುರಿಯುತ್ತಿದ್ದರೆ ಯಂತ್ರವನ್ನು ಅಡ್ಡ ತಿರುಗಿಸಿ, ಅಥವಾ ಅಕ್ಷರ ಒಂದು ಹಂತ ಇಳಿಸಿ.

ಪುಸ್ತಕ ಎಲ್ಲಿ ಸಿಗುತ್ತದೆ? ಉಚಿತ ಪುಸ್ತಕಗಳ ಜಾಲತಾಣ ಕನ್ನಡ ವಿಕಿಸೋರ್ಸ್‌ನಿಂದ ಶುರುಮಾಡಿ, ಅಲ್ಲಿರುವುದನ್ನು ಇಪಬ್ (ಇ-ಪುಸ್ತಕದ ಫೈಲ್ ಮಾದರಿ) ಮಾಡಿ ಇಳಿಸಿಕೊಳ್ಳುವ ಸೌಲಭ್ಯ ಇದೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದು ಇನ್ನೂ 60 ವರ್ಷ ಕಳೆದರೆ ಕೃತಿ ಎಲ್ಲರದ್ದೂ ಆಗುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳನ್ನು ನಾವು ಅಂಜಿಕೆ ಇಲ್ಲದೆ ಇಳಿಸಿಕೊಳ್ಳಬಹುದು. ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಹೊಸ ಪುಸ್ತಕಗಳ ಪಿಡಿಎಫ್ ಮಾತ್ರ ಬೇಡ. ಕನ್ನಡ ಪುಸ್ತಕದ ಒಂದು ಮುದ್ರಣ ಮಾರಾಟವಾಗಲು ಎಷ್ಟು ವರ್ಷ ಹಿಡಿಯುತ್ತದೆ ಅಂತ ಯಾರಾದರೂ ಪ್ರಕಾಶಕರನ್ನು ಕೇಳಿ ನೋಡಿ.

ಇನ್ನೊಂದು ದೊಡ್ಡ ತಲೆನೋವು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳದು. ಚಿಕ್ಕಪ್ಪ ತಮ್ಮ ಪ್ರವಾಸದ ನೆನಪುಗಳನ್ನು 15 ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿಸಿ ಇಟ್ಟಿದ್ದರು. ಯಂತ್ರಕ್ಕೆ ಹಾಕಿ ತೆರೆದರೆ ‘ಕನ್ನಡ’ ಅನ್ನುವ ಪದ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ನಡುವೆ ಪೌಂಡಿನ ಗುರುತು, ಅಲ್ಲಲ್ಲಿ ತಲೆ ಮೇಲೆ ಗೀಟು ಇಟ್ಟುಕೊಂಡ ಎ. ಫೈಲು ಕೆಟ್ಟಿಲ್ಲ, ಗಾಬರಿ ಬೇಡ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿಬೀಳುತ್ತದೆ. ಈ ಹಳೆಯ ಪದ್ಧತಿಯಿಂದ (ಆಸ್ಕಿ ಅನ್ನುತ್ತಾರೆ) ಯೂನಿಕೋಡಿಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಆನ್‌ಲೈನಿನಲ್ಲಿವೆ. ಅದರಲ್ಲಿ ಹಾಕಿ ತೆಗೆದು, ಅರ್ಕಾವತ್ತು ಮತ್ತು ದೀರ್ಘಗಳನ್ನು ಒಂದು ಸಲ ಕಣ್ಣಾಡಿಸಿ ತಿದ್ದಿ. ಆಮೇಲೆ ಕ್ಯಾಲಿಬರ್. ನಮ್ಮ ದೇಶದವರೇ ಆದ ಕೋವಿದ್ ಗೋಯಲ್ 2006ರಲ್ಲಿ ಶುರುಮಾಡಿದ ಉಚಿತ ತಂತ್ರಾಂಶ ಇದು, ಇ-ರೀಡರ್ ಇಟ್ಟುಕೊಂಡವರ ಅಡುಗೆಮನೆ ಅಂತಲೇ ಹೇಳಬೇಕು. ವರ್ಡ್ ಫೈಲನ್ನು ಅದಕ್ಕೆ ಸೇರಿಸಿ, ಇಪಬ್ ಆಗಿ ಬದಲಾಯಿಸುವಾಗ ನೋಟ ಮತ್ತು ಫಾಂಟಿನ ವಿಭಾಗಕ್ಕೆ ಹೋಗಿ, ಪುಸ್ತಕದೊಳಗೇ ಕನ್ನಡ ಫಾಂಟ್ ಅಡಕ ಮಾಡುವ ಆಯ್ಕೆ ಹಾಕಿ. ಹೀಗೆ ಮಾಡಿದರೆ ಫಾಂಟ್ ಇಲ್ಲದ ಯಂತ್ರಕ್ಕೆ ಹೋದರೂ ಪುಸ್ತಕ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗಿರುತ್ತದೆ. ಕಿಂಡಲ್ ಆದರೆ ಇಪಬ್ಬನ್ನು ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸಿ, 2022ರಿಂದ ಅದು ಇಪಬ್ ತಗೊಳ್ಳುತ್ತದೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಕತೆ ಬೇರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಅಂಗಡಿಯಲ್ಲಿ ಎಲ್ಲೂ ಸಿಗದ ಕನ್ನಡ ಪುಸ್ತಕಗಳು ರಾಶಿ ಬಿದ್ದಿವೆ. ಅಲ್ಲಿ ತಾನೇ ತಾನಾಗಿ ತಯಾರಾಗುವ ಇಪಬ್ ಇಳಿಸಿಕೊಳ್ಳಬೇಡಿ, ಹಳೆಯ ಕನ್ನಡ ಅಚ್ಚನ್ನು ಕಂಪ್ಯೂಟರ್ ತಪ್ಪುತಪ್ಪಾಗಿ ಓದಿರುತ್ತದೆ. ಪಿಡಿಎಫ್ಫೇ ತಗೊಳ್ಳಿ. ಆದರೆ ಡೆಮಿ 1/8 ಅನ್ನುವ ಅಳತೆಯ ಪುಸ್ತಕದ ಪುಟ ಅಂದರೆ ಐದೂವರೆ ಇಂಚು ಅಗಲ. ಆರು ಇಂಚಿನ ಪರದೆ ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ, ಅದರ ನಿಜವಾದ ಅಗಲ ಮೂರೂವರೆ ಇಂಚು ಚಿಲ್ಲರೆ ಅಷ್ಟೇ. ಇಡೀ ಪುಟ ತುರುಕಿದರೆ ಅಕ್ಷರ ಸಾಸಿವೆ ಕಾಳು. ಅದರ ಬದಲು ಹೀಗೆ ಮಾಡಿ: ಮೊದಲು ಪುಟದ ಸುತ್ತ ಇರುವ ಖಾಲಿ ಅಂಚನ್ನು ಕತ್ತರಿಸಿ, ಆಮೇಲೆ ಯಂತ್ರವನ್ನು ಅಡ್ಡ ತಿರುಗಿಸಿ. ಅಡ್ಡಕ್ಕೆ ಸುಮಾರು 4.8 ಇಂಚು ಸಿಗುತ್ತದೆ, ಅಂಚು ತೆಗೆದ ಮೇಲೆ ಉಳಿಯುವ ಅಚ್ಚಿನ ಅಗಲ ಅದರೊಳಗೆ ಹಿಡಿಯುತ್ತದೆ. ಅಕ್ಷರ ಕಾಗದದ ಮೇಲಿದ್ದಷ್ಟೇ ದೊಡ್ಡದಾಗಿ ಕಾಣುತ್ತದೆ. ಒಂದು ಪುಟಕ್ಕೆ ಎರಡು ಮೂರು ಸಲ ಒತ್ತಬೇಕು, ಅಷ್ಟು ಕಷ್ಟ ಪಡಲೇಬೇಕು. ಇಂಥ ಪುಸ್ತಕಗಳೇ ಜಾಸ್ತಿ ಓದುವವರಾದರೆ 10 ಇಂಚಿನ ಯಂತ್ರ ನೋಡಿ.

ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುವ ಸುಖ ಇಂಗ್ಲಿಷಿನಲ್ಲಿ ಸಿಕ್ಕಷ್ಟು ಕನ್ನಡದಲ್ಲಿ ಸಿಗುವುದಿಲ್ಲ. ‘ಹೊಸ್ತಿಲಲ್ಲಿದ್ದವಳಿಗೆ’ ಅನ್ನುವುದನ್ನು ಒತ್ತಿದರೆ ನಿಘಂಟು ಪಿಳಿಪಿಳಿ ನೋಡುತ್ತದೆ, ಅದಕ್ಕೆ ಬೇಕಿರುವುದು ಬರೀ ‘ಹೊಸ್ತಿಲು’. ನಾನು ಪಕ್ಕದಲ್ಲಿ ಮೊಬೈಲಿನಲ್ಲಿ ವಿ. ಕೃಷ್ಣ ಅವರ ಅಲರ್ ನಿಘಂಟು ತೆರೆದಿಟ್ಟುಕೊಳ್ಳುತ್ತೇನೆ.

ಕೊನೆಗೆ ಕವರ್ ವಿಚಾರ. ನನ್ನ ಮೊದಲನೆಯ ಯಂತ್ರ ಎತ್ತರದಿಂದ ಬಿದ್ದು ಹೋಗಲಿಲ್ಲ. ಬಸ್ಸಿನಲ್ಲಿ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡಿದ್ದೆ, ಒಳಗೆ ಪಕ್ಕದಲ್ಲಿ ಸ್ಟೀಲ್ ಟಿಫಿನ್ ಡಬ್ಬಿ ಇತ್ತು, ಬ್ರೇಕ್ ಹಾಕಿದಾಗ ಮುಂದಿನವರು ಬಂದು ಮೇಲೆ ಒರಗಿದರು. ಮನೆಗೆ ಬಂದು ತೆಗೆದರೆ ಪರದೆಯ ಮೇಲರ್ಧದಲ್ಲಿ ಪುಟ ಸರಿಯಾಗಿದೆ, ಕೆಳಗರ್ಧ ಬರೀ ಗೆರೆ. ಹೊರಗೆ ಒಂದು ಗೀರೂ ಇಲ್ಲ, ಒಳಗಿನ ತೆಳು ಗಾಜು ಒಡೆದಿತ್ತು. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನಷ್ಟು ಹಾಕಿದರೆ ಹೊಸದೇ ಬರುತ್ತಿತ್ತು. ಮೆತ್ತನೆ ಚೀಲ ಸಾಲದು, ಮುಂಭಾಗಕ್ಕೆ ಗಟ್ಟಿ ಮುಚ್ಚಳ ಇರುವ ಕವರ್ ಯಂತ್ರದ ಜೊತೆಗೇ ಆರ್ಡರ್ ಮಾಡಿ. ಬ್ಯಾಗಿನಲ್ಲಿ ಪರದೆ ನಿಮ್ಮ ಬೆನ್ನಿನ ಕಡೆಗಿರಲಿ, ಡಬ್ಬಿ ಬೇರೆ ಖಾನೆಯಲ್ಲಿರಲಿ.