ಬ್ಯಾಕ್ಟೀರಿಯಾದೊಳಗೆ ದ್ಯುತಿಸಂಶ್ಲೇಷಣೆಯ ಪೊರೆ ಹುಟ್ಟೋದನ್ನ ನೋಡೋದು ಹೇಗೆ

ದ್ಯುತಿಸಂಶ್ಲೇಷಣೆ ಅಂದ ಕೂಡ್ಲೇ ಎಲ್ರಿಗೂ ಬೆಳಕೇ ನೆನಪಾಗೋದು. ಆದ್ರೆ ರೋಡೋಬ್ಯಾಕ್ಟರ್ ಸ್ಫೇರಾಯ್ಡೀಸ್ ಅನ್ನೋ ನೇರಳೆ ಬ್ಯಾಕ್ಟೀರಿಯಾ ಬೆಳಕು ಹಿಡಿಯೋ ಈ ಪೊರೆ ಕಟ್ಟೋಕೆ ಶುರು ಮಾಡೋದು ಆಕ್ಸಿಜನ್ ಕಮ್ಮಿ ಆದಾಗ, ಸುತ್ತ ಪೂರ್ತಿ ಕತ್ತಲಿದ್ರೂ ಸರಿ. ಇದೊಂದು ತಲೇಲಿದ್ರೆ ಪ್ರಯೋಗ ಅರ್ಧ ಮುಗಿದ ಹಾಗೆ.

ಮೊದಲು ಪೊರೆ ಇಲ್ಲದ ಸೆಲ್‌ಗಳು ಬೇಕು. ಸಕ್ಸಿನೇಟ್ (ಸೆಲ್‌ಗಳಿಗೆ ಆಹಾರ) ಇರೋ ಮೀಡಿಯಂ, ಅಂದ್ರೆ ಬೆಳೆಸೋ ದ್ರಾವಣ, ತಗೊಂಡು, 250 ಎಂಎಲ್ ಫ್ಲಾಸ್ಕಿಗೆ 25 ಎಂಎಲ್ ಮಾತ್ರ ಹಾಕಿ, ಫಾಯಿಲ್ ಸುತ್ತಿ, 30 ಡಿಗ್ರಿಯಲ್ಲಿ ಜೋರಾಗಿ ಶೇಕ್ ಮಾಡಿ ಬೆಳೆಸಿ. ಹಳೇ ಪೊರೆ ಒಂದೇ ಸಲಕ್ಕೆ ಹೋಗಲ್ಲ, ಸೆಲ್ ಒಡೆದು ಎರಡಾಗ್ತಾ ಆಗ್ತಾ ಹಂಚಿಹೋಗುತ್ತೆ, ಅದಕ್ಕೇ ಎರಡು ಮೂರು ಸಲ ಹೊಸ ಮೀಡಿಯಂಗೆ ಸ್ವಲ್ಪ ಸ್ವಲ್ಪ ದಾಟಿಸಿ. ಕಲ್ಚರ್ ದಟ್ಟ ಆಗೋಕೆ ಬಿಡಬೇಡಿ, ದಟ್ಟ ಆದ್ರೆ ಸೆಲ್‌ಗಳೇ ಇರೋ ಆಕ್ಸಿಜನ್ ಎಲ್ಲಾ ಎಳ್ಕೊಂಡು, ಶೇಕರ್ ಎಷ್ಟೇ ಜೋರಾಗಿ ತಿರುಗ್ತಿದ್ರೂ ಬಣ್ಣ ಕಟ್ಟೋಕೆ ಶುರು ಮಾಡ್ತವೆ.

ಈಗ ಆಕ್ಸಿಜನ್ ಇಳಿಸಿ. ಅದೇ ಸೈಜಿನ ಫ್ಲಾಸ್ಕಿಗೆ ಈ ಸಲ 200 ಎಂಎಲ್ ಕಲ್ಚರ್ ತುಂಬಿ ನಿಧಾನಕ್ಕೆ ಶೇಕ್ ಮಾಡಿ, ಫಾಯಿಲ್ ಹಾಗೇ ಇರಲಿ. ಕಮ್ಮಿ ಮಾಡ್ಬೇಕು ಅಂದ್ರೆ ಪೂರ್ತಿ ಬಂದ್ ಮಾಡೋದೇ ಒಳ್ಳೇದು ಅಂದ್ಕೊಂಡು ಮುಚ್ಚಳ ಬಿಗಿದು ಇಟ್ಟುಬಿಡೋರು ಜಾಸ್ತಿ, ಅಲ್ಲೇ ಎಡವೋದು. ಹೊಸ ಪ್ರೋಟೀನು, ಬೆಳಕು ಹೀರೋ ಬಣ್ಣವಾದ ಬ್ಯಾಕ್ಟೀರಿಯೋಕ್ಲೋರೊಫಿಲ್ಲು ಎಲ್ಲಾ ಕಟ್ಟೋಕೆ ಶಕ್ತಿ ಬೇಕಲ್ವಾ, ಬೆಳಕು ಹಿಡಿಯೋ ಯಂತ್ರ ಇನ್ನೂ ತಯಾರಾಗಿಲ್ಲ, ಉಸಿರಾಟಕ್ಕೆ ಆಕ್ಸಿಜನ್ನೂ ಇಲ್ಲ ಅಂದ್ರೆ ಸೆಲ್ ಏನು ಮಾಡುತ್ತೆ ಪಾಪ, ಸುಮ್ನೆ ಕೂತುಬಿಡುತ್ತೆ.

ಒಳಗಡೆ ಆಗೋದು ಇಷ್ಟು: ಆಕ್ಸಿಜನ್ ಜಾಸ್ತಿ ಇದ್ದಾಗ ಪಿಪಿಎಸ್‌ಆರ್ ಅನ್ನೋ ಪ್ರೋಟೀನ್ ಡಿಎನ್‌ಎ ಮೇಲೆ ಕೂತು ದ್ಯುತಿಸಂಶ್ಲೇಷಣೆಯ ಜೀನ್‌ಗಳನ್ನ ತಡೆದಿರುತ್ತೆ, ಆಕ್ಸಿಜನ್ ಇಳಿದಾಗ ಆಪ್‌ಎ ಅನ್ನೋ ಇನ್ನೊಂದು ಪ್ರೋಟೀನ್ ಅದನ್ನ ಅಲ್ಲಿಂದ ಎಬ್ಬಿಸುತ್ತೆ.

ಇಲ್ಲಿಂದ ಗಂಟೆಗೊಂದು ಸ್ಯಾಂಪಲ್ ತೆಗೆದು ಐಸ್ ಮೇಲಿಡಿ. ಸೆಲ್ ಒಡೆದು, ಕಸ ಸೆಂಟ್ರಿಫ್ಯೂಜ್‌ನಲ್ಲಿ ಇಳಿಸಿ, ಮೇಲಿನ ತಿಳಿಯನ್ನ 700ರಿಂದ 950 ನ್ಯಾನೊಮೀಟರ್‌ವರೆಗೆ ಎಷ್ಟು ಬೆಳಕು ಹೀರುತ್ತೆ ಅಂತ ಸ್ಕ್ಯಾನ್ ಮಾಡಿ. ನಂಗೆ ತುಂಬಾ ಇಷ್ಟವಾದ ಭಾಗ ಇದು. ಶುರುವಲ್ಲಿ ಗೆರೆ ಬಹುತೇಕ ಚಪ್ಪಟೆ. ಆಮೇಲೆ 875ರ ಹತ್ತಿರ ಒಂದು ಸಣ್ಣ ಉಬ್ಬು, ಅದು ರಿಯಾಕ್ಷನ್ ಸೆಂಟರ್ (ಬೆಳಕನ್ನ ಶಕ್ತಿಯಾಗಿ ಬದಲಾಯಿಸೋ ಕೇಂದ್ರ) ಸುತ್ತ ಕೂರೋ, ಬೆಳಕು ಹಿಡಿಯೋ ಎಲ್‌ಎಚ್1 ಪ್ರೋಟೀನ್ ಉಂಗುರ. ಅದಾದ ಮೇಲೆ ಬೆಳಕು ಹಿಡಿಯೋ ಇನ್ನೊಂದು ಪ್ರೋಟೀನ್ ಉಂಗುರ ಎಲ್‌ಎಚ್2 ಬಂದು 800 ಮತ್ತು 850ರಲ್ಲಿ ಎರಡು ಶಿಖರ ಏಳ್ತವೆ, ಕೊನೆಗೆ 850 ಎಷ್ಟು ದೊಡ್ಡದಾಗುತ್ತೆ ಅಂದ್ರೆ ಮೊದಲು ಬಂದ 875 ಅದರ ಪಕ್ಕ ಬರೀ ಭುಜದ ಹಾಗೆ ಉಳಿಯುತ್ತೆ. ಮೊದಲು ತಿರುಳು, ಆಮೇಲೆ ಅದಕ್ಕೆ ಬೆಳಕು ತಂದುಕೊಡೋ ಆಂಟೆನಾ, ಈ ಕ್ರಮ ಸ್ಪೆಕ್ಟ್ರಮ್‌ನಲ್ಲೇ ಓದಬಹುದು.

ಆಕಾರ ನೋಡ್ಬೇಕಂದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಸೆಲ್‌ನ ಒಳಪೊರೇನೇ (ಸೈಟೋಪ್ಲಾಸ್ಮಿಕ್ ಪೊರೆ) ಅಲ್ಲಲ್ಲಿ ಒಳಕ್ಕೆ ಗುಳಿಬಿದ್ದು, ಸುಮಾರು 50 ನ್ಯಾನೊಮೀಟರ್ ಅಗಲದ ಗುಳ್ಳೆಗಳಾಗಿ ಸೆಲ್ ತುಂಬಾ ತುಂಬ್ಕೊಂಡಿರುತ್ತೆ. ಪ್ರೋಟೀನ್‌ಗಳು ಒತ್ತೊತ್ತಾಗಿ ಸೇರೋ ರೀತಿಯೇ ಪೊರೇನ ಬಗ್ಗಿಸೋದು, ಎಲ್‌ಎಚ್2 ಇಲ್ಲದ ಮ್ಯೂಟೆಂಟ್‌ನಲ್ಲಿ (ಜೀನ್ ಬದಲಾದ ತಳಿಯಲ್ಲಿ) ಗುಂಡಗಿನ ಗುಳ್ಳೆ ಬದಲು ಉದ್ದ ಕೊಳವೆ ಬರುತ್ತೆ. ಸೆಲ್ ಒಡೆದಾಗ ಗುಳ್ಳೆಗಳು ಕಿತ್ತು ಬೇರೆಯಾಗ್ತವೆ, ಅವೇ ಕ್ರೊಮ್ಯಾಟೊಫೋರ್. 1952ರಲ್ಲಿ ಶಾಕ್‌ಮನ್, ಪಾರ್ಡೀ, ಸ್ಟೇನಿಯರ್ ಅನ್ನೋ ವಿಜ್ಞಾನಿಗಳು ಇವನ್ನ ಮೊದಲು ಬೇರ್ಪಡಿಸಿದ್ದು, ಆದ್ರೆ ಅದು ಬೇರೆ ನೇರಳೆ ಬ್ಯಾಕ್ಟೀರಿಯಾದಿಂದ, ರೋಡೋಸ್ಪೈರಿಲಮ್ ರೂಬ್ರಮ್. ಕೆಳಗಿಳಿದಷ್ಟೂ ದಟ್ಟ ಆಗೋ ಸಕ್ಕರೆ ದ್ರಾವಣದಲ್ಲಿ (ಗ್ರೇಡಿಯೆಂಟ್) ಹಾಕಿ ಸೆಂಟ್ರಿಫ್ಯೂಜ್ ಓಡಿಸಿದ್ರೆ ಕ್ರೊಮ್ಯಾಟೊಫೋರ್ ಪಟ್ಟಿಯ ಮೇಲೆ ಇನ್ನೊಂದು ತೆಳು ಬಣ್ಣದ ಪಟ್ಟಿ ಕಾಣುತ್ತೆ, ಅದನ್ನ ಎಸೀಬೇಡಿ, ಇನ್ನೂ ಗುಳ್ಳೆಯಾಗದ, ಆಗತಾನೇ ಬಾಗೋಕೆ ಶುರುವಾಗಿರೋ ಪೊರೆ ಇರೋದು ಅದ್ರಲ್ಲೇ.

ಪೊರೆ ಬಂದ ಮೇಲೆ ಬೆಳಕಿಗಿಡಿ, ಈಗ ಬಾಟಲಿ ಪೂರ್ತಿ ತುಂಬಿ ಮುಚ್ಚಬಹುದು. ಹಳೇ ಕಾಲದ ತಂತಿ ಬಲ್ಬ್ ಇದ್ರೆ ಒಳ್ಳೇದು, ಬಿಳಿ ಎಲ್‌ಇಡಿಯಲ್ಲಿ 800–900ರ ಬೆಳಕು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಒಂದು ಬಾಟಲಿ ಬಲ್ಬಿನ ಹತ್ತಿರ, ಇನ್ನೊಂದು ದೂರ ಇಟ್ಟು, ಬಿಸಿ ಎರಡಕ್ಕೂ ಒಂದೇ ಇರೋ ಹಾಗೆ ನೋಡ್ಕೊಂಡು ಬೆಳೆಸಿ. ಆಮೇಲೆ ಎರಡರಲ್ಲೂ ಸೆಲ್‌ಗಳ ದಟ್ಟಣೆ ಒಂದೇ ಆಗೋ ಹಾಗೆ ತೆಳು ಮಾಡಿ ಪಕ್ಕಪಕ್ಕ ಹಿಡಿದು ನೋಡಿ, ದೂರ ಇದ್ದದ್ದೇ ಗಾಢವಾಗಿರುತ್ತೆ, ಬೆಳಕು ಕಮ್ಮಿ ಸಿಕ್ಕಿದಷ್ಟೂ ಅದು ಎಲ್‌ಎಚ್2ನೂ ಗುಳ್ಳೆಗಳನ್ನೂ ಜಾಸ್ತಿ ಕಟ್ಕೊಂಡಿರುತ್ತೆ.